ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆ ಮತ್ತು ಸರಕು ಮಾರಾಟದ ಕರಾರು

ಅಮೆರಿಕದ ಖರೀದಿದಾರರು ಕಳುಹಿಸುವ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಹತ್ತಿಪ್ಪತ್ತು ಷರತ್ತುಗಳು ಅಚ್ಚಾಗಿರುತ್ತವೆ. ಅವುಗಳ ಕೊನೆಯಲ್ಲಿ, ಈ ಕರಾರಿಗೆ ಓಹಿಯೋ ರಾಜ್ಯದ ಕಾನೂನು ಅನ್ವಯಿಸತಕ್ಕದ್ದು ಎಂದೋ, ನ್ಯೂಯಾರ್ಕಿನ ಅಥವಾ ಟೆಕ್ಸಾಸಿನ ಕಾನೂನು ಅನ್ವಯಿಸತಕ್ಕದ್ದು ಎಂದೋ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ದರ, ಪ್ರಮಾಣ, ರವಾನೆಯ ದಿನಾಂಕ ಇವಿಷ್ಟನ್ನು ಪರಿಶೀಲಿಸಿ ಸಹಿ ಹಾಕುವ ಉದ್ಯಮಿಗೆ ಆ ಸಾಲು ಕಣ್ಣಿಗೆ ಬೀಳುವುದು ಸರಕು ತಿರಸ್ಕೃತವಾದಾಗ ಅಥವಾ ಹಣ ಬಾರದೆ ನಿಂತಾಗ ಮಾತ್ರ. ಆ ಸಾಲು ಸೂಚಿಸುವ ಕಾನೂನು ಯಾವುದು, ಅದು ನಮ್ಮ ಕಾನೂನಿಗಿಂತ ಎಲ್ಲೆಲ್ಲಿ ಭಿನ್ನ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

ರಾಜ್ಯಗಳ ಕಾನೂನು, ಆದರೂ ಏಕರೂಪ

ಭಾರತದಲ್ಲಿ 1930ರ ಸರಕು ಮಾರಾಟ ಅಧಿನಿಯಮ ದೇಶಕ್ಕೆಲ್ಲ ಒಂದೇ. ಬೀದರಿನ ವ್ಯಾಪಾರಿಗೂ ಭೋಪಾಲದ ವ್ಯಾಪಾರಿಗೂ ಅದೇ ಕಲಮುಗಳು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕರಾರಿನ ಕಾನೂನು ಮೂಲತಃ ಆಯಾ ರಾಜ್ಯದ ಅಧಿಕಾರಕ್ಕೆ ಸೇರಿದ್ದು. ರೈಲುಮಾರ್ಗಗಳು ಹರಡಿ ಒಂದು ರಾಜ್ಯದ ಸರಕು ಮತ್ತೊಂದು ರಾಜ್ಯದ ಪೇಟೆಗೆ ಹೋಗತೊಡಗಿದಾಗ ಇದರ ತೊಡಕು ಅರಿವಿಗೆ ಬಂದಿತು. ರಾಜ್ಯಗಳ ಕಾನೂನುಗಳಲ್ಲಿ ಏಕರೂಪತೆ ತರುವ ಉದ್ದೇಶದಿಂದ 1892ರಲ್ಲಿ ರಾಜ್ಯಗಳ ಪ್ರತಿನಿಧಿಗಳ ಸಮ್ಮೇಳನವೊಂದು ರೂಪುಗೊಂಡಿತು. ಇಂದು ಅದನ್ನು ಯೂನಿಫಾರ್ಮ್ ಲಾ ಕಮಿಷನ್ ಎಂದು ಕರೆಯುತ್ತಾರೆ. ಈ ಸಂಸ್ಥೆಗಾಗಿ ಸ್ಯಾಮ್ಯುಯೆಲ್ ವಿಲಿಸ್ಟನ್ ಎಂಬ ಕಾನೂನು ಪಂಡಿತರು ಸಿದ್ಧಪಡಿಸಿದ ಏಕರೂಪ ಮಾರಾಟ ಅಧಿನಿಯಮ 1906ರಲ್ಲಿ ಹೊರಬಂದು, 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಜಾರಿಯಾಯಿತು.

ಇಲ್ಲೊಂದು ಸಂಗತಿ ನಮ್ಮ ಓದುಗರಿಗೆ ಕುತೂಹಲಕರವಾಗಬಹುದು. ವಿಲಿಸ್ಟನ್ನರ ಮಸೂದೆಗೆ ಮಾದರಿಯಾದದ್ದು ಇಂಗ್ಲೆಂಡಿನ 1893ರ ಸರಕು ಮಾರಾಟ ಅಧಿನಿಯಮ. ನಮ್ಮ 1930ರ ಅಧಿನಿಯಮವೂ ಅದೇ ಅಚ್ಚಿನಿಂದ ಬಂದದ್ದು. ಆದುದರಿಂದ ಅಮೆರಿಕದ ಹಳೆಯ ಕಾನೂನು ಮತ್ತು ನಮ್ಮ ಇಂದಿನ ಕಾನೂನು ದಾಯಾದಿಗಳೇ. ಅಮೆರಿಕನ್ನರು ಆ ಮನೆ ಬಿಟ್ಟು ಹೊರನಡೆದರು, ನಾವು ಅಲ್ಲಿಯೇ ಉಳಿದೆವು.

ಅವರು ಕಟ್ಟಿಕೊಂಡ ಹೊಸ ಮನೆಯೇ ಏಕರೂಪ ವಾಣಿಜ್ಯ ಸಂಹಿತೆ, ಅರ್ಥಾತ್ ಯೂನಿಫಾರ್ಮ್ ಕಮರ್ಷಿಯಲ್ ಕೋಡ್. ಅದನ್ನು ಅಲ್ಲಿ ಸಂಕ್ಷೇಪವಾಗಿ ಯು.ಸಿ.ಸಿ. ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಈ ಮೂರಕ್ಷರ ಕಂಡೊಡನೆ ನೆನಪಾಗುವ ನಾಗರಿಕ ಸಂಹಿತೆಯ ಚರ್ಚೆಗೂ ಇದಕ್ಕೂ ಯಾವ ನಂಟೂ ಇಲ್ಲ. ಮೇಲೆ ಹೇಳಿದ ಸಮ್ಮೇಳನವೂ ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯೂ ಜೊತೆಗೂಡಿ ಇದನ್ನು ರಚಿಸಿದವು. ರಚನೆಯ ಮುಂದಾಳು ಕಾರ್ಲ್ ಲೆವೆಲಿನ್. ವ್ಯಾಪಾರಿಗಳು ವಾಸ್ತವವಾಗಿ ಹೇಗೆ ವ್ಯವಹರಿಸುತ್ತಾರೆಯೋ ಅದನ್ನು ಕಾನೂನು ಅನುಸರಿಸಬೇಕೆಂಬುದು ಅವರ ನಿಲುವು. ಪೆನ್ಸಿಲ್ವೇನಿಯಾ 1953ರಲ್ಲಿ ಮೊದಲು ಅಂಗೀಕರಿಸಿತು. ನ್ಯೂಯಾರ್ಕ್ ದೀರ್ಘ ಪರಿಶೀಲನೆ ನಡೆಸಿ, ತಿದ್ದುಪಡಿಗಳನ್ನು ಕೇಳಿ, 1962ರಲ್ಲಿ ಒಪ್ಪಿತು. ಸರಕು ಮಾರಾಟವನ್ನು ಕುರಿತ ಎರಡನೆಯ ಅಧ್ಯಾಯವನ್ನು ಲೂಸಿಯಾನ ಒಂದನ್ನುಳಿದು ಎಲ್ಲ ರಾಜ್ಯಗಳೂ ಅಂಗೀಕರಿಸಿವೆ. ಫ್ರೆಂಚ್ ಮತ್ತು ಸ್ಪ್ಯಾನಿಷ್ ಪರಂಪರೆಯ ಲೂಸಿಯಾನ ತನ್ನ ನಾಗರಿಕ ಸಂಹಿತೆಯನ್ನೇ ಮಾರಾಟಕ್ಕೂ ಉಳಿಸಿಕೊಂಡಿದೆ.

ಇದು ಕೇಂದ್ರ ಸರ್ಕಾರದ ಕಾನೂನಲ್ಲ ಎಂಬುದನ್ನು ಮರೆಯಬಾರದು. ಒಂದು ಮಾದರಿಯನ್ನು ಪ್ರತಿಯೊಂದು ರಾಜ್ಯದ ಶಾಸನಸಭೆಯೂ ಪ್ರತ್ಯೇಕವಾಗಿ ಶಾಸನ ಮಾಡಿಕೊಂಡಿದೆ. ಮಾದರಿಯ 2-207ನೆಯ ಕಲಮು ಕ್ಯಾಲಿಫೋರ್ನಿಯಾದಲ್ಲಿ 2207, ಟೆಕ್ಸಾಸಿನಲ್ಲಿ 2.207, ವಿಸ್ಕಾನ್ಸಿನ್‌ನಲ್ಲಿ 402.207. ಸಂಖ್ಯೆಯ ವೇಷ ಬೇರೆಯಾದರೂ ಒಳಗಿನ ಮಾತು ಬಹುಮಟ್ಟಿಗೆ ಒಂದೇ. ಬಹುಮಟ್ಟಿಗೆ ಎಂದೆನೇ ಹೊರತು ಪೂರ್ತಿಯಾಗಿ ಎನ್ನಲಿಲ್ಲ. ವ್ಯಾಜ್ಯ ಹೂಡುವ ಕಾಲಮಿತಿ ಮಾದರಿಯಲ್ಲಿ 4 ವರ್ಷ, ಆದರೆ ವಿಸ್ಕಾನ್ಸಿನ್‌ನಲ್ಲಿ 6, ಕೊಲರಾಡೊದಲ್ಲಿ 3. ದೋಷಯುಕ್ತ ಸರಕಿನಿಂದ ಹಾನಿಗೊಂಡ ಮೂರನೆಯವರು ಮಾರಾಟಗಾರನ ಮೇಲೆ ದಾವೆ ಹೂಡಬಹುದೇ ಎಂಬ ಪ್ರಶ್ನೆಗೆ ಮಾದರಿಯೇ ಮೂರು ಪರ್ಯಾಯಗಳನ್ನು ಕೊಟ್ಟು, ಬೇಕಾದುದನ್ನು ಆರಿಸಿಕೊಳ್ಳಿ ಎಂದು ರಾಜ್ಯಗಳಿಗೆ ಬಿಟ್ಟಿದೆ. ಎರಡನೆಯ ಅಧ್ಯಾಯವನ್ನು ಆಧುನೀಕರಿಸಲು 2003ರಲ್ಲಿ ಸಿದ್ಧವಾದ ತಿದ್ದುಪಡಿಯನ್ನು ಒಂದು ರಾಜ್ಯವೂ ಅಂಗೀಕರಿಸದೆ, ಅದನ್ನು 2011ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಕೆಲವು ಪುಸ್ತಕಗಳು ಇಂದಿಗೂ ಆ ತಿದ್ದುಪಡಿಯನ್ನು ಉಲ್ಲೇಖಿಸುತ್ತವೆಯಾದ್ದರಿಂದ ಓದುವಾಗ ಎಚ್ಚರ ವಹಿಸಬೇಕು.

ನಮ್ಮ ಕರಾರಿಗೆ ಇದು ಅನ್ವಯಿಸುವುದು ಹೇಗೆ?

ಅಂತರರಾಷ್ಟ್ರೀಯ ಸರಕು ಮಾರಾಟಕ್ಕೆ 1980ರ ವಿಯೆನ್ನಾ ಒಡಂಬಡಿಕೆ ಇದೆ. ಅಮೆರಿಕದಲ್ಲಿ ಅದು 1988ರ ಜನವರಿ 1ರಿಂದ ಜಾರಿಯಲ್ಲಿದೆ. ಚೀನಾ ಕೂಡ ಸದಸ್ಯ ರಾಷ್ಟ್ರ. ಆದುದರಿಂದ ಶಾಂಘೈನ ಕಾರ್ಖಾನೆ ಷಿಕಾಗೋಗೆ ಮಾರಿದರೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಒಡಂಬಡಿಕೆಯೇ ಅನ್ವಯ. ಭಾರತ ಅದಕ್ಕೆ ಸೇರಿಲ್ಲ. ಇನ್ನೊಂದು ಪಕ್ಷದವರು ಸದಸ್ಯ ರಾಷ್ಟ್ರದವರಲ್ಲದಿದ್ದರೆ ಒಡಂಬಡಿಕೆಗೆ ತಾನು ಬದ್ಧನಲ್ಲ ಎಂದು ಅಮೆರಿಕ ಸೇರುವಾಗಲೇ ಘೋಷಿಸಿದೆ. ಪರಿಣಾಮವಾಗಿ ಬೆಳಗಾವಿಯ ಫೌಂಡ್ರಿ ಓಹಿಯೋದ ಪಂಪು ತಯಾರಕರಿಗೆ ಎರಕದ ಬಿಡಿಭಾಗ ಮಾರಿದರೆ, ಒಂದೋ ನಮ್ಮ 1930ರ ಅಧಿನಿಯಮ, ಇಲ್ಲವೇ ಓಹಿಯೋದ ವಾಣಿಜ್ಯ ಸಂಹಿತೆ ಅನ್ವಯಿಸುತ್ತದೆ. ಇವೆರಡರಲ್ಲಿ ಯಾವುದೆಂಬುದನ್ನು ಮೊದಲು ನಿರ್ಧರಿಸುವುದು ಕರಾರಿನ ಆ ಕೊನೆಯ ಸಾಲು. ವ್ಯವಹಾರಕ್ಕೆ ಸಮಂಜಸ ಸಂಬಂಧವುಳ್ಳ ರಾಜ್ಯದ ಅಥವಾ ರಾಷ್ಟ್ರದ ಕಾನೂನನ್ನು ಆಯ್ದುಕೊಳ್ಳಲು ಸಂಹಿತೆ ಅವಕಾಶ ಕೊಡುತ್ತದೆ. ಆದುದರಿಂದ ಭಾರತದ ಕಾನೂನನ್ನು ಬರೆಯಿಸಿಕೊಳ್ಳಲು ಅಡ್ಡಿಯಿಲ್ಲ. ಖರೀದಿದಾರ ಒಪ್ಪಬೇಕು, ಅಷ್ಟೆ. ನ್ಯೂಯಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2,50,000 ಡಾಲರಿಗೆ ಕಡಿಮೆಯಿಲ್ಲದ ಕರಾರುಗಳಿಗೆ ಯಾವ ಸಂಬಂಧವಿಲ್ಲದಿದ್ದರೂ ತನ್ನ ಕಾನೂನನ್ನು ಆಯ್ದುಕೊಳ್ಳಬಹುದೆಂದು ಶಾಸನ ಮಾಡಿದೆ.

ಬರಹ, ಕೊಟೇಶನ್ ಮತ್ತು ಹತ್ತು ದಿನಗಳು

ನಮ್ಮಲ್ಲಿ ಬಾಯಿಮಾತಿನ ಮಾರಾಟವೂ ಊರ್ಜಿತ. ಅಲ್ಲಿ 500 ಡಾಲರ್ ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಯ ಸರಕಿಗೆ, ಯಾರ ವಿರುದ್ಧ ಕರಾರನ್ನು ಜಾರಿಗೊಳಿಸಬೇಕೋ ಅವರ ಸಹಿಯುಳ್ಳ ಬರಹ ಬೇಕು. ಬೆಲೆ ಬರೆದಿರದಿದ್ದರೂ ನಡೆದೀತು, ಪ್ರಮಾಣ ಬರೆದಿರಲೇಬೇಕು. ಇ-ಮೇಲ್ ಕೂಡ ಬರಹವೇ. ಆದರೆ ವರ್ತಕರ ಮಧ್ಯೆ ಒಂದು ವಿಶೇಷ ನಿಯಮವಿದೆ. ದೂರವಾಣಿಯಲ್ಲಿ ಮಾತುಕತೆ ನಡೆದ ನಂತರ ಒಬ್ಬರು, ನಾವು ಇಷ್ಟು ಸರಕಿಗೆ ಒಪ್ಪಿದ್ದೇವೆ ಎಂದು ದೃಢೀಕರಣ ಪತ್ರ ಕಳುಹಿಸಿದರೆ, ಅದು ತಲುಪಿದ 10 ದಿನಗಳೊಳಗೆ ಇನ್ನೊಬ್ಬರು ಲಿಖಿತವಾಗಿ ಆಕ್ಷೇಪಿಸದಿದ್ದಲ್ಲಿ, ಸಹಿ ಇಲ್ಲವೆಂಬ ವಾದ ಅವರಿಗೆ ಉಳಿಯುವುದಿಲ್ಲ. ಹಬ್ಬದ ರಜೆಯಲ್ಲಿ ಬಂದ ಪತ್ರವನ್ನು ಎರಡು ವಾರ ಬಿಟ್ಟು ತೆರೆಯುವ ಅಭ್ಯಾಸ ಇಲ್ಲಿ ದುಬಾರಿಯಾದೀತು.

ಕೊಟೇಶನ್ನಿನ ವಿಷಯದಲ್ಲೂ ಭೇದವಿದೆ. ಭಾರತೀಯ ಕರಾರು ಅಧಿನಿಯಮದಂತೆ ಪ್ರಸ್ತಾವವನ್ನು ಅದರ ಸ್ವೀಕೃತಿ ಪೂರ್ಣವಾಗುವ ಮುನ್ನ ಹಿಂತೆಗೆದುಕೊಳ್ಳಬಹುದು. ಸಂಹಿತೆಯ ಪ್ರಕಾರ ವರ್ತಕನೊಬ್ಬ ಸಹಿ ಮಾಡಿದ ಬರಹದಲ್ಲಿ, ಈ ದರ 60 ದಿನ ಬದಲಾಗದು ಎಂದು ಭರವಸೆ ಕೊಟ್ಟರೆ, ಅದಕ್ಕೆ ಪ್ರತಿಯಾಗಿ ಏನನ್ನೂ ಪಡೆದಿರದಿದ್ದರೂ ಆ ಅವಧಿಯವರೆಗೆ ಅವನು ಬದ್ಧ. ಇಂತಹ ಬದ್ಧತೆಗೆ ಗರಿಷ್ಠ ಮಿತಿ 3 ತಿಂಗಳು. ಬೀಡುಕಬ್ಬಿಣದ ದರ ವಾರವಾರ ಏರಿಳಿಯುವ ಕಾಲದಲ್ಲಿ ಕೊಟೇಶನ್ ಬರೆಯುವವರು ಇದನ್ನು ನೆನಪಿಡುವುದು ಒಳಿತು.

ಎರಡು ನಮೂನೆಗಳ ಜಗಳ

ಸಂಹಿತೆಯಲ್ಲಿ ಅತಿ ಹೆಚ್ಚು ವ್ಯಾಜ್ಯಕ್ಕೆ ಒಳಗಾದ ಕಲಮುಗಳಲ್ಲಿ 2-207 ಒಂದು. ಖರೀದಿದಾರ ತನ್ನ ಆರ್ಡರ್ ನಮೂನೆ ಕಳುಹಿಸುತ್ತಾನೆ, ಮಾರಾಟಗಾರ ತನ್ನ ಸ್ವೀಕೃತಿಯ ನಮೂನೆ ಕಳುಹಿಸುತ್ತಾನೆ. ಎರಡರಲ್ಲಿಯೂ ದರ, ಪ್ರಮಾಣ ಒಂದೇ, ಹಿಂಬದಿಯ ಷರತ್ತುಗಳು ಮಾತ್ರ ಪರಸ್ಪರ ವಿರುದ್ಧ. ನಮ್ಮ ಕರಾರು ಅಧಿನಿಯಮದ 7ನೆಯ ಕಲಮಿನಂತೆ ಸ್ವೀಕೃತಿ ಸಂಪೂರ್ಣವೂ ನಿರುಪಾಧಿಕವೂ ಆಗಿರಬೇಕು. ಷರತ್ತು ಬದಲಿಸಿದ ಉತ್ತರ ಸ್ವೀಕೃತಿಯಲ್ಲ, ಅದು ಪ್ರತಿ-ಪ್ರಸ್ತಾವ. ಹಾಗಾಗಿ ಕೊನೆಯ ಕಾಗದ ಕಳುಹಿಸಿದವನದೇ ಮೇಲುಗೈ.

ಸಂಹಿತೆ ಈ ಲೆಕ್ಕಾಚಾರವನ್ನು ಬದಲಿಸಿತು. ಉತ್ತರದಲ್ಲಿ ಹೊಸ ಷರತ್ತುಗಳಿದ್ದರೂ, ಅದು ಖಚಿತವಾದ ಒಪ್ಪಿಗೆಯಾಗಿದ್ದರೆ ಕರಾರು ಏರ್ಪಟ್ಟಿತು. ಇಬ್ಬರೂ ವರ್ತಕರಾಗಿದ್ದಲ್ಲಿ ಹೆಚ್ಚುವರಿ ಷರತ್ತುಗಳು ಕರಾರಿಗೆ ಸೇರುತ್ತವೆ. ಆದರೆ ಮೊದಲ ಪತ್ರ ತನ್ನ ಷರತ್ತುಗಳಿಗೆ ಮಾತ್ರ ಒಪ್ಪಿಗೆ ಸೀಮಿತ ಎಂದಿದ್ದರೆ, ಹೊಸ ಷರತ್ತು ಕರಾರನ್ನು ಗಣನೀಯವಾಗಿ ಬದಲಿಸುವಂತಿದ್ದರೆ, ಅಥವಾ ಆಕ್ಷೇಪಣೆ ಬಂದಿದ್ದರೆ ಅವು ಸೇರುವುದಿಲ್ಲ. ನನ್ನ ಷರತ್ತುಗಳಿಗೆ ನೀವು ಒಪ್ಪದ ಹೊರತು ಇದು ಸ್ವೀಕೃತಿಯೇ ಅಲ್ಲ ಎಂದು ಉತ್ತರದಲ್ಲಿ ಸ್ಪಷ್ಟವಾಗಿ ಬರೆದಿದ್ದು, ಆದರೂ ಸರಕು ಹೋಗಿ ಹಣ ಬಂದಿದ್ದರೆ ನಡವಳಿಕೆಯಿಂದಲೇ ಕರಾರು ಆಯಿತೆಂದು ಭಾವಿಸಿ, ಎರಡೂ ನಮೂನೆಗಳು ಒಪ್ಪುವ ಅಂಶಗಳನ್ನಷ್ಟೇ ಉಳಿಸಿಕೊಂಡು, ಮಿಕ್ಕ ಖಾಲಿಯನ್ನು ಸಂಹಿತೆ ತನ್ನ ನಿಯಮಗಳಿಂದ ತುಂಬುತ್ತದೆ.

ಬರೆದಷ್ಟು ಸುಲಭವಾಗಿ ಇದು ನ್ಯಾಯಾಲಯಗಳಿಗೆ ಒಗ್ಗಲಿಲ್ಲ. 1962ರಲ್ಲಿ ರೋಟೋ-ಲಿತ್ ಮೊಕದ್ದಮೆಯಲ್ಲಿ ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಮಾರಾಟಗಾರನ ನಮೂನೆಯನ್ನು ಪಡೆದ ಮೇಲೆ ಸರಕನ್ನು ಸ್ವೀಕರಿಸಿದ ಖರೀದಿದಾರ ಅದರ ಷರತ್ತುಗಳಿಗೂ ಒಪ್ಪಿದಂತೆ ಎಂದು ತೀರ್ಪಿತ್ತಿತು. ಹಳೆಯ ನಿಯಮವೇ ಹಿಂಬಾಗಿಲಿನಿಂದ ಬಂದಂತಾಯಿತು. ಮೂವತ್ತೈದು ವರ್ಷಗಳ ತರುವಾಯ, 1997ರಲ್ಲಿ, ಅಯಾನಿಕ್ಸ್ ವಿರುದ್ಧ ಎಲ್ಮ್‌ವುಡ್ ಸೆನ್ಸರ್ಸ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ತನ್ನ ತೀರ್ಪನ್ನು ಕೈಬಿಟ್ಟಿತು. ಅಯಾನಿಕ್ಸ್ ಕುಡಿಯುವ ನೀರಿನ ಯಂತ್ರಗಳ ತಯಾರಕರು. ಅವುಗಳಿಗೆ ಎಲ್ಮ್‌ವುಡ್‌ನಿಂದ ಥರ್ಮೋಸ್ಟಾಟ್ ಕೊಳ್ಳುತ್ತಿದ್ದರು. ಕೆಲವು ಯಂತ್ರಗಳಿಗೆ ಬೆಂಕಿ ಹತ್ತಿಕೊಂಡಿತು. ಥರ್ಮೋಸ್ಟಾಟಿನ ದೋಷವೇ ಕಾರಣವೆಂಬ ಆರೋಪ ಬಂದಿತು. ಖರೀದಿದಾರನ ನಮೂನೆ ಎಲ್ಲ ಪರಿಹಾರಗಳೂ ತನಗಿವೆ ಎನ್ನುತ್ತಿತ್ತು, ಮಾರಾಟಗಾರನ ನಮೂನೆ ತನ್ನ ಹೊಣೆಯನ್ನು ಮಿತಗೊಳಿಸಿತ್ತು. ಪರಸ್ಪರ ವಿರುದ್ಧವಾದ ಈ ಷರತ್ತುಗಳೆರಡೂ ಬಿದ್ದುಹೋಗುತ್ತವೆ, ಸಂಹಿತೆಯ ನಿಯಮವೇ ಉಳಿಯುತ್ತದೆ ಎಂದು ನ್ಯಾಯಾಲಯ ಹೇಳಿತು. ಬಿಡಿಭಾಗ ಪೂರೈಸುವ ನಮ್ಮ ಸಣ್ಣ ತಯಾರಕರಿಗೆ ಇದರ ಅರ್ಥ ಸ್ಪಷ್ಟ. ಹೊಣೆಗಾರಿಕೆಯ ಮಿತಿಯನ್ನು ಇನ್‌ವಾಯ್ಸಿನ ಬೆನ್ನಿಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು. ಇಬ್ಬರೂ ಸಹಿ ಮಾಡಿದ ಒಂದೇ ಕರಾರುಪತ್ರದಲ್ಲಿ ಅದು ಇರಬೇಕು.

ಬರೆಯದ ರೂಢಿಯ ಬಲ

ವರ್ತಕ ಸಮುದಾಯದ ರೂಢಿಯನ್ನು ಸಂಹಿತೆ ಕರಾರಿನ ಭಾಗವೆಂದೇ ಪರಿಗಣಿಸುತ್ತದೆ. ಹವಾಯಿಯ ನನಕುಲಿ ಪೇವಿಂಗ್ ಎಂಬ ರಸ್ತೆ ಗುತ್ತಿಗೆ ಸಂಸ್ಥೆ ಷೆಲ್ ಕಂಪನಿಯಿಂದ ಡಾಂಬರು ಕೊಳ್ಳುತ್ತಿತ್ತು. ಕರಾರಿನ ಪ್ರಕಾರ, ಸರಕು ಕೊಡುವ ದಿನ ಷೆಲ್ ಪ್ರಕಟಿಸಿದ ದರವೇ ದರ. ತೈಲ ಬಿಕ್ಕಟ್ಟಿನ ಬಿಸಿಯಲ್ಲಿ, 1974ರ ಜನವರಿಯಲ್ಲಿ ಷೆಲ್ ದರವನ್ನು ಟನ್ನಿಗೆ 44 ಡಾಲರಿನಿಂದ 76 ಡಾಲರಿಗೆ ಏರಿಸಿತು. ಆಗಲೇ ಹಿಡಿದ ಗುತ್ತಿಗೆಗಳಿಗೆ ಹಳೆಯ ದರದಲ್ಲೇ ಕೊಡುವುದು ಆ ದ್ವೀಪದ ವ್ಯಾಪಾರಪದ್ಧತಿ ಎಂದು ನನಕುಲಿ ವಾದಿಸಿತು. ಜ್ಯೂರಿ 2,20,800 ಡಾಲರ್ ಪರಿಹಾರ ಕೊಟ್ಟಿತು, ವಿಚಾರಣಾ ನ್ಯಾಯಾಧೀಶರು ಅದನ್ನು ರದ್ದುಪಡಿಸಿದರು, 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಷೆಲ್ ತಾನೇ ಹಿಂದೆ ಎರಡು ಬಾರಿ ಹಾಗೆ ಹಳೆಯ ದರ ಉಳಿಸಿಕೊಟ್ಟಿದ್ದುದು ಅದರ ವಿರುದ್ಧವೇ ಸಾಕ್ಷ್ಯವಾಯಿತು. ಖರೀದಿದಾರನ ಮೇಲಿನ ವಿಶ್ವಾಸಕ್ಕಾಗಿ ಒಮ್ಮೆ ರಿಯಾಯಿತಿ ತೋರಿಸುವವರು, ಇದು ಈ ಬಾರಿಗೆ ಮಾತ್ರ ಎಂದು ಒಂದು ಸಾಲು ಬರೆದಿಡುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ಖಾತರಿ ಮತ್ತು ಹೊಣೆ

ಸರಕಿನ ವರ್ಣನೆ, ಮಾದರಿ, ನಕ್ಷೆ ಇವೆಲ್ಲವೂ ವ್ಯಕ್ತ ಖಾತರಿಗಳಾಗುತ್ತವೆ. ಖಾತರಿ ಎಂಬ ಪದ ಬಳಸಿರಬೇಕೆಂದೇನೂ ಇಲ್ಲ. ಇದಲ್ಲದೆ ಆ ಬಗೆಯ ಸರಕಿನ ವರ್ತಕನ ಪ್ರತಿಯೊಂದು ಮಾರಾಟದಲ್ಲಿಯೂ ಅದು ಮಾರಾಟಯೋಗ್ಯ, ಅಂದರೆ ಆ ಸರಕಿನ ಸಾಮಾನ್ಯ ಉಪಯೋಗಕ್ಕೆ ತಕ್ಕುದು ಎಂಬ ಖಾತರಿ ಅಡಗಿರುತ್ತದೆ. ಸೂಕ್ತ ಕಟ್ಟುವಿಕೆ ಮತ್ತು ಲೇಬಲ್ ಕೂಡ ಇದರಲ್ಲಿ ಸೇರಿವೆ. ಖರೀದಿದಾರ ತನ್ನ ವಿಶೇಷ ಉದ್ದೇಶವನ್ನು ನಂಬಿ ನಿಮ್ಮ ಪರಿಣತಿಗೆ ಒಪ್ಪಿಸಿದ್ದರೆ, ಆ ಉದ್ದೇಶಕ್ಕೆ ಒದಗುತ್ತದೆಂಬ ಇನ್ನೊಂದು ಖಾತರಿಯೂ ಕೂಡಿಕೊಳ್ಳುತ್ತದೆ. ಇವುಗಳನ್ನು ನಿರಾಕರಿಸಬಹುದು, ಆದರೆ ವಿಧಿಯುಕ್ತವಾಗಿ. ಮಾರಾಟಯೋಗ್ಯತೆ ಎಂಬರ್ಥದ ಅಲ್ಲಿನ ಕಾನೂನು ಪದವನ್ನೇ ಹೆಸರಿಸಿರಬೇಕು. ಬರಹದಲ್ಲಿದ್ದರೆ ದಪ್ಪಕ್ಷರದಲ್ಲೋ ದೊಡ್ಡಕ್ಷರದಲ್ಲೋ ಎದ್ದು ಕಾಣುವಂತಿರಬೇಕು. ಇದ್ದುದು ಇದ್ದಂತೆ ಮಾರಲಾಗಿದೆ ಎಂಬರ್ಥದ ಮಾತೂ ಸಾಮಾನ್ಯವಾಗಿ ಸಾಕಾಗುತ್ತದೆ.

ನಿಜವಾದ ಅಪಾಯವಿರುವುದು ಆನುಷಂಗಿಕ ನಷ್ಟದಲ್ಲಿ. ನಾಲ್ಕು ಡಾಲರಿನ ಎರಕದ ಭಾಗವೊಂದು ಸೀಳಿ, ಖರೀದಿದಾರನ ಗಿರಾಕಿಯ ಕಾರ್ಖಾನೆ ಎರಡು ದಿನ ನಿಂತಿತೆಂದು ಭಾವಿಸೋಣ. ಕರಾರು ಮಾಡುವಾಗ ಮಾರಾಟಗಾರ ತಿಳಿದಿರಬಹುದಾಗಿದ್ದ ಅಗತ್ಯಗಳಿಂದ ಹುಟ್ಟಿದ ನಷ್ಟವನ್ನೆಲ್ಲ, ಅದನ್ನು ತಪ್ಪಿಸಲು ಖರೀದಿದಾರನಿಗೆ ದಾರಿಯಿರಲಿಲ್ಲವಾದರೆ, ಕೇಳಬಹುದು. ಸರಕಿನ ಬೆಲೆಗೂ ಈ ಮೊತ್ತಕ್ಕೂ ಅನುಪಾತವೇ ಇರುವುದಿಲ್ಲ. ಪರಿಹಾರವನ್ನು ದುರಸ್ತಿ, ಬದಲಿ ಅಥವಾ ಹಣ ಮರಳಿಕೆಗೆ ಸೀಮಿತಗೊಳಿಸಿ, ಆನುಷಂಗಿಕ ನಷ್ಟವನ್ನು ಪ್ರತ್ಯೇಕ ವಾಕ್ಯದಲ್ಲಿ ಹೊರಗಿಡಲು 2-719ನೆಯ ಕಲಮು ಅವಕಾಶ ಕೊಡುತ್ತದೆ. ನಷ್ಟ ಕೇವಲ ವಾಣಿಜ್ಯ ಸ್ವರೂಪದ್ದಾಗಿದ್ದರೆ ಇಂತಹ ಷರತ್ತು ಸಾಮಾನ್ಯವಾಗಿ ನಿಲ್ಲುತ್ತದೆ. ದರದಲ್ಲಿ ಕಾಲು ಡಾಲರು ಬಿಟ್ಟುಕೊಟ್ಟಾದರೂ ಈ ಒಂದು ವಾಕ್ಯವನ್ನು ಪಡೆಯುವುದು ಲಾಭವೆಂಬುದು ಈ ಲೇಖಕನ ಅಭಿಪ್ರಾಯ.

ಎಫ್.ಓ.ಬಿ. ಎಂಬ ಬಲೆ

ನಮಗೆ ಎಫ್.ಓ.ಬಿ. ಎಂದರೆ ಹಡಗಿಗೆ ಸರಕು ಏರಿದಲ್ಲಿಗೆ ನಮ್ಮ ಹೊಣೆ ಮುಗಿಯಿತು. ಅದು ಇನ್‌ಕೋಟರ್ಮ್ಸ್‌ನ ಅರ್ಥ. ಅಮೆರಿಕದ ಒಳನಾಡಿನಲ್ಲಿ ಲಾರಿಗೂ ರೈಲಿಗೂ ಇದೇ ಅಕ್ಷರಗಳನ್ನು ಬಳಸುತ್ತಾರೆ, ಸಂಹಿತೆಯ 2-319ನೆಯ ಕಲಮು ಅದಕ್ಕೆ ತನ್ನದೇ ಅರ್ಥ ಕೊಡುತ್ತದೆ. ಎಫ್.ಓ.ಬಿ. ಎಂಬುದರ ಮುಂದೆ ತಲುಪುವ ಸ್ಥಳದ ಹೆಸರಿದ್ದರೆ, ಅಲ್ಲಿಯವರೆಗಿನ ಸಾಗಣೆ ವೆಚ್ಚ, ಅಪಾಯ ಎರಡೂ ಮಾರಾಟಗಾರನವು. ಆರ್ಡರಿನಲ್ಲಿ ಎಫ್.ಓ.ಬಿ. ಕ್ಲೀವ್‌ಲ್ಯಾಂಡ್ ಎಂದು ಬರೆದಿದ್ದರೆ, ನಡುಗಡಲಿನಲ್ಲಿ ಕಂಟೇನರು ಹಾಳಾದ ನಷ್ಟ ಬೆಳಗಾವಿಯದು. ನವ ಮಂಗಳೂರು ಬಂದರು, ಇನ್‌ಕೋಟರ್ಮ್ಸ್ 2020 ಎಂದು ಬಂದರಿನ ಹೆಸರು ಮತ್ತು ಆವೃತ್ತಿಯ ವರ್ಷದೊಡನೆ ಬರೆಯುವುದು ಕ್ಷೇಮ. ನಮ್ಮ ಅಧಿನಿಯಮದ 26ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಒಡೆತನ ಯಾರದೋ ಅಪಾಯವೂ ಅವರದು. ಸಂಹಿತೆ ಇವೆರಡನ್ನೂ ಬೇರ್ಪಡಿಸಿದೆ; ಒಡೆತನದ ಮೇಲೆ ವಾದ ಹೂಡಿ ಅಪಾಯದಿಂದ ಪಾರಾಗಲು ಅಲ್ಲಿ ಸಾಧ್ಯವಿಲ್ಲ.

ತಿರಸ್ಕಾರ

ಸರಕು ಯಾವುದೇ ಅಂಶದಲ್ಲಿ ಕರಾರಿಗೆ ಹೊಂದದಿದ್ದರೂ ಖರೀದಿದಾರ ಪೂರ್ತಿ ತಿರಸ್ಕರಿಸಬಹುದೆಂಬುದು ಮೂಲ ನಿಯಮ. ಕಠೋರವಾಗಿ ತೋರುವ ಈ ನಿಯಮವನ್ನು ಸಂಹಿತೆಯೇ ಸಡಿಲಿಸಿದೆ. ಕಂತುಗಳಲ್ಲಿ ಪೂರೈಸುವ ಕರಾರಿನಲ್ಲಿ ಸರಿಪಡಿಸಲಾಗದ, ಆ ಕಂತಿನ ಮೌಲ್ಯವನ್ನೇ ಗಣನೀಯವಾಗಿ ಕುಂದಿಸುವ ದೋಷವಿದ್ದರೆ ಮಾತ್ರ ತಿರಸ್ಕಾರ. ಅವಧಿ ಇನ್ನೂ ಮುಗಿದಿರದಿದ್ದರೆ ಮಾರಾಟಗಾರ ತಿಳುವಳಿಕೆ ಕೊಟ್ಟು ಸರಿಯಾದ ಸರಕನ್ನು ಮತ್ತೆ ಒದಗಿಸಬಹುದು. ಖರೀದಿದಾರನಿಗೂ ಕರ್ತವ್ಯಗಳಿವೆ. ಅವನು ಸಮಂಜಸ ಕಾಲದೊಳಗೆ ದೋಷವನ್ನು ತಿಳಿಸಬೇಕು. ಸ್ವೀಕರಿಸಿದ ಬಳಿಕ ಸುಮ್ಮನಿದ್ದರೆ ಪರಿಹಾರದ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ತಿರಸ್ಕರಿಸಿದ ಸರಕು ಅವನ ವಶದಲ್ಲಿದ್ದು, ಆ ಪೇಟೆಯಲ್ಲಿ ನಿಮ್ಮ ಏಜೆಂಟರಿಲ್ಲದಿದ್ದರೆ, ನಿಮ್ಮ ಸಮಂಜಸ ಸೂಚನೆಯಂತೆ ನಡೆಯಬೇಕು. ಬೇಗ ಕೆಡುವ ಸರಕಾದರೆ ಸೂಚನೆ ಬಾರದಿದ್ದರೂ ನಿಮ್ಮ ಪರವಾಗಿ ಮಾರಲು ಯತ್ನಿಸಬೇಕು. ಆದುದರಿಂದ ತಿರಸ್ಕಾರದ ಪತ್ರಕ್ಕೆ ಬೇಸರದ ಉತ್ತರ ಬರೆಯುವ ಬದಲು, ಸರಕನ್ನು ಏನು ಮಾಡಬೇಕೆಂಬ ಸ್ಪಷ್ಟ ಸೂಚನೆಯನ್ನು ಕೂಡಲೇ ಕಳುಹಿಸಬೇಕು.

ಖರೀದಿದಾರ ಹಣ ಕೊಟ್ಟಾನೋ ಇಲ್ಲವೋ ಎಂಬ ಸಕಾರಣ ಸಂಶಯ ಹುಟ್ಟಿದರೆ 2-609ನೆಯ ಕಲಮು ನೆರವಿಗಿದೆ. ಲಿಖಿತವಾಗಿ ಭರವಸೆ ಕೇಳಿ, ಬರುವ ತನಕ ನಿಮ್ಮ ಪೂರೈಕೆಯನ್ನು ತಡೆಹಿಡಿಯಬಹುದು. ಸಮಂಜಸ ಅವಧಿಯಲ್ಲಿ, ಹೆಚ್ಚೆಂದರೆ 30 ದಿನಗಳಲ್ಲಿ, ಸಮರ್ಪಕ ಭರವಸೆ ಬಾರದಿದ್ದರೆ ಅವನೇ ಕರಾರನ್ನು ಮುರಿದಂತೆ.

ವ್ಯಾಜ್ಯ ಮತ್ತು ದಿವಾಳಿ

ನಾಲ್ಕು ವರ್ಷದ ಕಾಲಮಿತಿಯನ್ನು ಕರಾರಿನಲ್ಲಿ 1 ವರ್ಷದವರೆಗೆ ಇಳಿಸಬಹುದು, ಹೆಚ್ಚಿಸುವಂತಿಲ್ಲ. ಹೀಗೆ ಇಳಿಸುವ ಷರತ್ತು ನಮ್ಮ ಕರಾರು ಅಧಿನಿಯಮದ 28ನೆಯ ಕಲಮಿನಂತೆ ಶೂನ್ಯ. ಅಮೆರಿಕದ ಕಾನೂನನ್ನು ಒಪ್ಪಿಕೊಂಡವರು ನಮ್ಮ ಮೂರು ವರ್ಷವನ್ನು ನಂಬಿ ಕುಳಿತರೆ ಬಾಗಿಲು ಮುಚ್ಚಿರಬಹುದು. ಇನ್ನು ನ್ಯಾಯಾಲಯದ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪಟ್ಟಿಯಲ್ಲಿ ಅಮೆರಿಕ ಇಲ್ಲದಿರುವುದರಿಂದ ಅಲ್ಲಿನ ಡಿಕ್ರಿಯನ್ನು ಇಲ್ಲಿ ನೇರವಾಗಿ ಅಮಲ್ಜಾರಿ ಮಾಡಲಾಗದು, ಅದರ ಆಧಾರದ ಮೇಲೆ ಹೊಸ ದಾವೆ ಹೂಡಬೇಕಾಗುತ್ತದೆ. ಮಧ್ಯಸ್ಥಿಕೆ ತೀರ್ಪುಗಳಿಗಾದರೋ ಎರಡೂ ದೇಶಗಳು ನ್ಯೂಯಾರ್ಕ್ ಒಡಂಬಡಿಕೆಯ ಸದಸ್ಯರಾಗಿವೆ.

ಖರೀದಿದಾರನೇ ದಿವಾಳಿಯಾದರೆ? ಅಲ್ಲಿನ ದಿವಾಳಿ ಕಾನೂನಿನಲ್ಲಿ 2005ರಲ್ಲಿ ಸೇರಿದ ನಿಯಮವೊಂದಿದೆ. ಅರ್ಜಿ ಸಲ್ಲಿಸುವ ಹಿಂದಿನ 20 ದಿನಗಳಲ್ಲಿ ಸಾಮಾನ್ಯ ವ್ಯವಹಾರದಲ್ಲಿ ಪಡೆದ ಸರಕಿನ ಮೌಲ್ಯಕ್ಕೆ ಮಾರಾಟಗಾರನಿಗೆ ಆದ್ಯತೆ ಉಂಟು. ಪಡೆದದ್ದು ಎಂದರೆ ಯಾವಾಗ? ಪೆನ್ಸಿಲ್ವೇನಿಯಾದ ವರ್ಲ್ಡ್ ಇಂಪೋರ್ಟ್ಸ್ ಎಂಬ ಪೀಠೋಪಕರಣ ಸಂಸ್ಥೆ 2013ರ ಜುಲೈ 3ರಂದು ದಿವಾಳಿ ಅರ್ಜಿ ಸಲ್ಲಿಸಿತು. ಚೀನಾದ ಕಾರ್ಖಾನೆಯೊಂದರ ಸರಕು ಮೇ ತಿಂಗಳಲ್ಲೇ ಶಾಂಘೈನಲ್ಲಿ ಎಫ್.ಓ.ಬಿ. ಮೇರೆಗೆ ಹಡಗೇರಿತ್ತು, ಖರೀದಿದಾರನ ಕೈ ಸೇರಿದ್ದು ಜೂನ್ 21ರಂದು. ಹಡಗೇರಿದ ದಿನವೇ ಪಡೆದಂತೆ ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದ್ದವು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಣಿಜ್ಯ ಸಂಹಿತೆಯ ವ್ಯಾಖ್ಯೆಯತ್ತ ನೋಡಿ, ಪಡೆಯುವುದೆಂದರೆ ಭೌತಿಕವಾಗಿ ವಶಕ್ಕೆ ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿತು. ಅಪಾಯ ಖರೀದಿದಾರನಿಗೆ ಮೇ ತಿಂಗಳಲ್ಲೇ ದಾಟಿದ್ದರೂ ಆದ್ಯತೆಯ ಹಕ್ಕು ಮಾರಾಟಗಾರನಿಗೆ ದೊರೆಯಿತು. ಸಾಲದ ಮೇಲೆ ಸರಕು ಕಳುಹಿಸುವವರು ಬಿಲ್ ಆಫ್ ಲೇಡಿಂಗಿನೊಡನೆ, ಕಂಟೇನರು ಖರೀದಿದಾರನ ಉಗ್ರಾಣ ತಲುಪಿದ ದಿನಾಂಕವುಳ್ಳ ರಸೀದಿಯನ್ನೂ ಸಾಗಣೆದಾರರಿಂದ ಕೇಳಿ ಪಡೆದು, ಹಣ ಜಮೆಯಾಗುವವರೆಗೆ ಕಡತದಲ್ಲಿಡಬೇಕು.